ಚೀಲ ಕಾಯುವವನು

ಹುಪರಿಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆಗೆ ಕೊಂಡಿ ಜೋಡಿಸುವುದು ಕುಳಿತು ಮಾಡುವ ಕೆಲಸ. ಬಾಲ್ಯದಲ್ಲಿಯೇ ಪೋಲಿಯೊದಿಂದ ಎರಡೂ ಕಾಲುಗಳ ಬಲ ಕಳೆದುಕೊಂಡ ನನಗೆ ಆ ಕಸುಬಿನಲ್ಲಿ ಎಂದೂ ಕೊರತೆಯೆನಿಸಲಿಲ್ಲ. ಅದರ ಅರಿವಾಗುವುದು ಮನೆಯವರೆಲ್ಲ ವಿಹಾರಕ್ಕೆ ಹೊರಟಾಗ.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳ ಹಠಕ್ಕೆ ಮಣಿದು ದೊಡ್ಡದೊಂದು ಮನರಂಜನಾ ಉದ್ಯಾನಕ್ಕೆ ಹೋಗಿದ್ದೆವು. ಗಾಲಿಕುರ್ಚಿಯಿದ್ದರೂ ಚಿಂತೆಯಿಲ್ಲವೆಂದು ಫೋನಿನಲ್ಲಿ ಹೇಳಿದ್ದರು. ಹೆಬ್ಬಾಗಿಲಿನಲ್ಲಿ ಯಾರೂ ತಡೆಯಲಿಲ್ಲ, ನಿಜ. ಆದರೆ ಒಳಗೆ ಪ್ರತಿಯೊಂದು ಆಟದ ಮುಂದೆಯೂ ಮೆಟ್ಟಿಲು. ಶೌಚಾಲಯದ ಬಾಗಿಲು ಕುರ್ಚಿಗಿಂತ ಕಿರಿದು. ಮಗ ಎತ್ತಿಕೊಳ್ಳಲು ಮುಂದಾದ. ಸಾಲಿನಲ್ಲಿ ನಿಂತ ಅಪರಿಚಿತರ ಎದುರು ಮಗನ ಹೆಗಲೇರಲು ಮನಸ್ಸು ಒಪ್ಪಲಿಲ್ಲ. "ನೀವು ಹೋಗಿ ಬನ್ನಿ, ಚೀಲಗಳನ್ನು ನಾನು ಕಾಯುತ್ತೇನೆ" ಎಂದೆ. ಶೌಚಾಲಯದ ಭಯದಿಂದ ನೀರನ್ನೂ ಕುಡಿಯದೆ ಸಂಜೆಯವರೆಗೆ ಮರದಡಿ ಕುಳಿತೆ. "ಅಜ್ಜಾ, ನಿನಗೆ ಆಟ ಸೇರುವುದಿಲ್ಲವೇ?" ಎಂದು ಮೊಮ್ಮಗಳು ಕೇಳಿದಳು. ಇಲ್ಲವೆಂದೆ. ಆ ಸುಳ್ಳು ಇಂದಿಗೂ ಚುಚ್ಚುತ್ತದೆ.

ಎಲ್ಲ ಆಟಗಳೂ ನನಗೆ ಬೇಕೆಂದು ನಾನು ಹೇಳುವುದಿಲ್ಲ. ಅತಿವೇಗದ ಆಟದಲ್ಲಿ ಮೈಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ಬಲ ಬೇಕು. ಯಂತ್ರ ನಡುವೆಯೇ ನಿಂತರೆ ಇಳಿದು ನಡೆಯಬೇಕಾಗಬಹುದು. ಅಂಥ ನಿರ್ಬಂಧ ಅವಮಾನವಲ್ಲ. ಆದರೆ ಮಕ್ಕಳ ರೈಲಿನ ಮುಂದಿನ ಮೂರು ಮೆಟ್ಟಿಲುಗಳಿಗೆ ಸುರಕ್ಷತೆಯ ಯಾವ ನೆಪವಿದೆ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, 90 ಸೆಂಟಿಮೀಟರ್ ಅಗಲದ ಬಾಗಿಲು: ಬೇಕಾದದ್ದು ಇಷ್ಟೇ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯ್ದೆ ವಿನೋದ-ವಿಹಾರದಲ್ಲಿ ನಮ್ಮ ಸಮಪಾಲನ್ನು ಒಪ್ಪಿಕೊಂಡಿದೆ. ಖಾಸಗಿಯವರ ಸೇವೆಗಳನ್ನೂ ಸುಗಮ್ಯತೆಯ ನಿಯಮಕ್ಕೆ ಒಳಪಡಿಸಿದೆ.

ಅಮೆರಿಕದ ಸ್ಯಾನ್ ಆಂಟೋನಿಯೋ ನಗರದಲ್ಲಿ 2010ರಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಎಂಬ ಉದ್ಯಾನ ತೆರೆಯಿತು. ವಿಕಲಚೇತನಳಾದ ತನ್ನ ಮಗಳೊಡನೆ ಇತರ ಮಕ್ಕಳು ಆಡದೆ ದೂರ ಸರಿದುದನ್ನು ಕಂಡ ತಂದೆ, ಗಾರ್ಡನ್ ಹಾರ್ಟ್‌ಮನ್, ಅದನ್ನು ಕಟ್ಟಿಸಿದರು. ಅಲ್ಲಿಯ ತಿರುಗುಣಿಯಲ್ಲಿ ಗಾಲಿಕುರ್ಚಿಯೂ ಕುದುರೆಗಳ ಜೊತೆಗೇ ಏರಿಳಿಯುತ್ತದೆ. ಅಂಗವಿಕಲರಿಗೆ ಪ್ರವೇಶಶುಲ್ಕವಿಲ್ಲ. 2017ರಲ್ಲಿ ಸೇರಿಕೊಂಡ ಜಲೋದ್ಯಾನದಲ್ಲಿ ನೀರಿಗಿಳಿಯಬಲ್ಲ ಗಾಲಿಕುರ್ಚಿಗಳಿವೆ. ಅವು ಅದುಮಿದ ಗಾಳಿಯ ಬಲದಿಂದ ಚಲಿಸುತ್ತವೆ. ಅಂಗವಿಕಲರು, ಇತರರು ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿ ಒಟ್ಟಿಗೆ ಆಡುತ್ತಾರೆ.

ಅಷ್ಟು ದೂರದ ಕನಸು ನನಗೆ ಬೇಡ. ಕೊಲ್ಹಾಪುರದ ಬಳಿ ಕಣೇರಿ ಮಠದ ಸಿದ್ಧಗಿರಿ ವಸ್ತುಸಂಗ್ರಹಾಲಯವಿದೆ. ಕುಂಬಾರ, ಕಮ್ಮಾರ, ನೇಕಾರರ ಆಳೆತ್ತರದ ಮೂರ್ತಿಗಳು ಅಲ್ಲಿ ಬಯಲಿನಲ್ಲಿ ಹಳೆಯ ಹಳ್ಳಿಯ ಬಾಳನ್ನು ತೋರಿಸುತ್ತವೆ. ಅಲ್ಲಿ ನೋಡುವುದೇ ವಿನೋದ. ಕಾಲಿನ ಬಲಕ್ಕಿಂತ ದಾರಿಯ ಸ್ಥಿತಿ ಮುಖ್ಯ. ಈ ರಜೆಯಲ್ಲಿ ಹೋಗುವ ಮೊದಲು ಫೋನು ಮಾಡುತ್ತೇನೆ. ಗಾಲಿಕುರ್ಚಿ ಬರಬಹುದೇ ಎಂದು ಕೇಳುವುದಿಲ್ಲ. ಎಲ್ಲೆಲ್ಲಿ ಎಷ್ಟು ಮೆಟ್ಟಿಲುಗಳಿವೆ, ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ಕೇಳುತ್ತೇನೆ. ಮೊಮ್ಮಗಳಿಗೂ ನಿಜ ಹೇಳಿದ್ದೇನೆ: ಅಜ್ಜನಿಗೆ ಆಟವೆಂದರೆ ಬಲು ಇಷ್ಟ. ಚೀಲಗಳನ್ನು ಈ ಸಲ ಕುರ್ಚಿಯ ಬೆನ್ನಿಗೇ ತೂಗುಹಾಕುತ್ತೇವೆ.