ಕುಚ್ಚಲಕ್ಕಿ ಬೇಯುವಷ್ಟು ಹೊತ್ತು

ಕೇರಳದಲ್ಲಿರುವ ನಮ್ಮ ಹೊಸಂಗಡಿಯಲ್ಲಾಗಲಿ ಉಪ್ಪಳದಲ್ಲಾಗಲಿ ಸಂಜೆ ಹೊತ್ತು ಬೇಕರಿಯ ಎದುರು ನಿಂತವರನ್ನು ನೋಡಿ. ಶಾಲೆ ಬಿಟ್ಟ ಮಕ್ಕಳ ನಡುವೆ ಅರುವತ್ತು ದಾಟಿದ ಗಂಡಸರೂ ಇರುತ್ತಾರೆ. ಕೈಯಲ್ಲಿ ಬಟ್ಟೆಚೀಲ, ಚೀಲದೊಳಗೆ ರಸ್ಕು, ಮಿಕ್ಸ್ಚರು, ನೇಂದ್ರ ಚಿಪ್ಸು, ಕ್ರೀಮ್ ಬಿಸ್ಕೆಟು. ಇವರಲ್ಲಿ ಹಲವರ ಮನೆಯಲ್ಲಿ ಈಗ ಮಕ್ಕಳಿಲ್ಲ. ಮಗ ದುಬಾಯಿಯಲ್ಲಿ, ಮಗಳು ಬೆಂಗಳೂರಿನಲ್ಲಿ. ಆ ಚೀಲದಲ್ಲಿರುವುದನ್ನೆಲ್ಲ ತಿನ್ನುವವರು ಅವರೇ. ಎಲ್ಲ ನನ್ನ ಪ್ರಾಯದವರು, ಕೆಲವರು ನನ್ನ ಜೊತೆಗೇ ಓದಿದವರು. ಅವರ ಚೀಲ ಕಂಡಾಗ ನನಗೆ ಸಂಕಟವಾಗುತ್ತದೆ.

ಪ್ರಾಯ ಸಂದಂತೆ ನಾಲಗೆ, ಮೂಗು ಎರಡೂ ಮಂಕಾಗುತ್ತವೆ. ಮೊದಲು ಹಿತವಾಗಿದ್ದ ಸಾರು ಈಗ ಸಪ್ಪೆ. ಉಪ್ಪು, ಸಕ್ಕರೆ, ಎಣ್ಣೆ ಧಾರಾಳವಾಗಿರುವ ತಿಂಡಿಗೆ ಮಾತ್ರ ರುಚಿ ಎಂಬುದು ಉಳಿದಂತೆ ತೋರುತ್ತದೆ. ಹಲ್ಲು ಸಡಿಲಾದವರಿಗೆ ಚಹಾದಲ್ಲಿ ಅದ್ದಿದ ರಸ್ಕು ಸುಖ. ಇವೆಲ್ಲ ಕಾರಣಗಳು ಹೌದು. ಆದರೆ ದೊಡ್ಡ ಕಾರಣ ಬೇರೆಯೇ ಇದೆ ಎಂದು ನನಗನಿಸುವುದು ನಮ್ಮ ಪಕ್ಕದ ಮನೆಯ ಹಿರಿಯರನ್ನು ಕಂಡಮೇಲೆ. ಹೆಂಡತಿ ತೀರಿಕೊಂಡ ಮೇಲೆ ಅವರ ಅಡುಗೆಮನೆಯ ಒಲೆ ಚಹಾಕ್ಕೆ ಮಾತ್ರ ಉರಿಯತೊಡಗಿತು. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಹೋಟೆಲಿನ ಪರೋಟ, ರಾತ್ರಿ ಬಿಸ್ಕೆಟು. ಬದುಕಿಡೀ ಗಂಜಿ ಉಂಡವರು. ಈಗಲೂ ಗಂಜಿ ಎಂದರೆ ಪ್ರಾಣ. ಅದನ್ನು ಬೇಯಿಸಲು ಮಾತ್ರ ಅವರಿಗೆ ಗೊತ್ತಿಲ್ಲ.

ನಮ್ಮ ಊರಿನ ಗಂಜಿಯ ಬಗ್ಗೆ ಸ್ವಲ್ಪ ಹೇಳಬೇಕು. ಭತ್ತವನ್ನು ಸಿಪ್ಪೆಯೊಂದಿಗೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ್ದು ಕುಚ್ಚಲಕ್ಕಿ. ಹಾಗೆ ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ, ಮಿಲ್ಲಿಗೆ ಕೊಟ್ಟರೂ ಎಲ್ಲ ಹೋಗಿಬಿಡುವುದಿಲ್ಲ. ನೂರು ವರ್ಷದ ಹಿಂದೆ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬಿ ಜೀವಸತ್ವದ ಕೊರತೆಯಿಂದ ಬರುವ ಬೆರಿಬೆರಿ ಕಾಯಿಲೆಯ ಬೆನ್ನು ಹತ್ತಿದ್ದರು. ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವ ಆಂಧ್ರ ಕರಾವಳಿಯಲ್ಲಿ ಆಗ ಆ ಕಾಯಿಲೆ ಬಹಳವಿತ್ತು, ಕುಚ್ಚಲಕ್ಕಿ ಉಣ್ಣುವ ಕಡೆ ತೀರ ಕಡಿಮೆಯಿತ್ತು. 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ಶುರುವಾದ ಆ ಶೋಧನೆಯೇ ಬೆಳೆದು ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ನಮ್ಮ ಹಿರಿಯರು ಜೀವಸತ್ವ ಎಂಬ ಮಾತು ಹುಟ್ಟುವ ಮೊದಲೇ ಭತ್ತ ಬೇಯಿಸುತ್ತಿದ್ದರು. ಅದೇ ಅಕ್ಕಿ ಇಂದಿಗೂ ಕೇರಳದ ರೇಷನ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕಿಂತ ಎಷ್ಟೋ ದುಬಾರಿಯಾದ ಓಟ್ಸ್ ಡಬ್ಬಿಯನ್ನು ಸೂಪರ್ ಮಾರ್ಕೆಟಿನಿಂದ ತರುವವರೂ ಇದ್ದಾರೆ. ಓಟ್ಸ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮನೆಯಲ್ಲೇ ಇರುವುದರ ಬೆಲೆ ಮರೆಯಬಾರದು ಎನ್ನುವೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ಎದೆ ತಟ್ಟುವುದೂ ಸರಿಯಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ಕೇರಳದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಗಂಜಿಯೇ ಆದರೂ ಬಟ್ಟಲು ತುಂಬ ತುಂಬ ಉಂಡರೆ ಅದು ಅಕ್ಕಿಯೇ. ಗಂಜಿಗೆ ಉಪ್ಪಿನಕಾಯಿ ಒಂದೇ ನಂಜಿಕೊಂಡು ಏಳುವವರ ಲೆಕ್ಕ ಇನ್ನೂ ಕಷ್ಟದ್ದು. ನೂರು ಗ್ರಾಂ ಅಕ್ಕಿಯಲ್ಲಿ ಇರುವ ಪ್ರೋಟೀನು ಏಳೆಂಟು ಗ್ರಾಂ. ಅರುವತ್ತು ಕಿಲೋ ತೂಗುವ ಗಂಡಸಿಗೆ ದಿನಕ್ಕೆ ಕನಿಷ್ಠ ಐವತ್ತು ಗ್ರಾಂ ಬೇಕು. ಮುದುಕರಿಗೆ ಅದಕ್ಕಿಂತಲೂ ಹೆಚ್ಚು ಒಳ್ಳೆಯದೆಂದು ಹೇಳುವ ತಜ್ಞರು ಇದ್ದಾರೆ. ಪ್ರಾಯವಾದಂತೆ ಗಂಡಸಿನ ತೋಳು ತೊಡೆಗಳ ಮಾಂಸ ಕರಗುತ್ತದೆ. ಹೊಟ್ಟೆ ಮಾತ್ರ ಮುಂದೆ ಬಂದಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಬಾವಿಕಟ್ಟೆಯಲ್ಲಿ ಕೊಡ ಎತ್ತಲಾರದೆ ನಿಂತಾಗ, ಬಸ್ಸಿನ ಮೆಟ್ಟಿಲಲ್ಲಿ ಕಾಲು ತಡವರಿಸಿದಾಗ ಗೊತ್ತಾಗುತ್ತದೆ. ಬಿಸ್ಕೆಟು ಆ ತೋಳಿಗೆ ಏನನ್ನೂ ಕೊಡುವುದಿಲ್ಲ.

ಕೊಡುವವು ನಮ್ಮಲ್ಲೇ ಇವೆ. ಹುರುಳಿ ನೂರು ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನು. ರಾತ್ರಿ ನೆನೆಹಾಕಿ, ಬೆಳಗ್ಗೆ ಬೇಯಿಸಿ, ಕಟ್ಟನ್ನು ಬಸಿದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳಿಗೆ ತೆಂಗಿನತುರಿ ಹಾಕಿದರೆ ಪಲ್ಯ. ಹೆಸರುಕಾಳನ್ನು ಗಂಜಿಯ ಜೊತೆಗೇ ಬೇಯಿಸಬಹುದು. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ. ದೊಡ್ಡ ಮೀನಿನ ಬೆಲೆ ಕೇಳಿ ಹಿಂದೆ ಸರಿಯುತ್ತಿದ್ದ ನನಗೆ ಮೀನಿನವರು ಒಮ್ಮೆ ಹೇಳಿದ್ದರು, "ಮಾಷ್ಟ್ರೇ, ನಿಮಗೆ ಅಂಜಲ್ ಯಾಕೆ? ಬೂತಾಯಿ ಉಂಟು, ಮುಳ್ಳಿನೊಟ್ಟಿಗೇ ತಿನ್ನಿ." ಆ ಮಾತು ಸರಿ. ಹದವಾಗಿ ಬೆಂದ ಬೂತಾಯಿಯ ಮೆತ್ತನೆಯ ಮುಳ್ಳಲ್ಲಿ ಸುಣ್ಣದಂಶ ಇದೆ, ಅದರ ಎಣ್ಣೆ ಹೃದಯಕ್ಕೆ ಹಿತ. ಜೂನ್ 9ರ ನಡುರಾತ್ರಿಯಿಂದ ಜುಲೈ ಕೊನೆಯ ತನಕ ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಆಗ ಒಣಮೀನಿಗಿಂತ ಹುರುಳಿ, ಮೊಟ್ಟೆ ಮೇಲು. ಒಣಮೀನಿನಲ್ಲಿ ಉಪ್ಪು ವಿಪರೀತ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚದೊಳಗೆ, ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರುಮಾವು, ಹಪ್ಪಳ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಎಲ್ಲವೂ ಈ ಲೆಕ್ಕದೊಳಗೆ ಬರಬೇಕು. ಸೊಳೆಯನ್ನು ಚೆನ್ನಾಗಿ ನೀರಲ್ಲಿ ನೆನೆಸಿ ಹಿಂಡಿದರೆ ಉಪ್ಪು ಇಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಬೊಂಡದ ನೀರು, ಕಾಳು, ಸೊಪ್ಪುಗಳ ಮಟ್ಟಿಗೆ ಡಾಕ್ಟರರ ಮಾತು ಕೇಳಿಯೇ ಮುಂದುವರಿಯಬೇಕು.

ಪ್ಯಾಕೆಟಿನ ತಿಂಡಿಯಲ್ಲಿ ಏನಿದೆ ಎಂಬುದು ಅದರ ಬೆನ್ನಮೇಲೇ ಬರೆದಿರುತ್ತದೆ. ಯಾವುದು ತೂಕದಲ್ಲಿ ಹೆಚ್ಚೋ ಅದು ಮೊದಲು ಬರಬೇಕೆಂಬುದು ಕಾನೂನು. ಕನ್ನಡಕ ಹಾಕಿಕೊಂಡು ಓದಿದರೆ ಹೆಚ್ಚಿನ ಬಿಸ್ಕೆಟುಗಳಲ್ಲಿ ಮೊದಲು ಕಾಣುವವು ಮೈದಾ, ಸಕ್ಕರೆ, ತಾಳೆ ಎಣ್ಣೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಇಪ್ಪತ್ತು ಮಂದಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಸಹಜ ಅಡುಗೆ ಬಡಿಸಿದರು. ಬಡಿಸಿದ್ದರಲ್ಲಿ ಶಕ್ತಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಬಹುದೆಂದು ಬಿಟ್ಟರು. ಕಾರ್ಖಾನೆಯ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ದಪ್ಪವಾದರು. ಬೇಗ ಬೇಗ ತಿಂದರು ಎಂಬುದನ್ನೂ ಗಮನಿಸಿದ್ದಾರೆ. ಆದ್ದರಿಂದ ಬಿಸ್ಕೆಟಿನ ಪ್ಯಾಕೆಟು ಅರ್ಧಕ್ಕೆ ನಿಲ್ಲದಿದ್ದರೆ ಮನಸ್ಸಿನ ಬಲ ಸಾಲದೆಂದು ಮುದುಕರನ್ನು ಗದರಬೇಡಿ. ನಿಲ್ಲಿಸಲು ಕಷ್ಟವಾಗುವಂತೆಯೇ ಅದು ತಯಾರಾಗಿದೆ.

ನಿಧಾನದ ಊಟಕ್ಕೆ ಕೈಕೆಲಸ ಬೇಕು. ತಿಮರೆಯ, ಎಂದರೆ ಒಂದೆಲಗದ, ಚಟ್ನಿ ಆಗಬೇಕಾದರೆ ಗದ್ದೆಯ ಬದುವಿಗೆ ಹೋಗಿ ಎಲೆ ಕಿತ್ತು, ಮಣ್ಣು ತೊಳೆದು, ತೆಂಗಿನಕಾಯಿ ತುರಿಯಬೇಕು. ಬಾಳೆದಿಂಡಿನ ನಾರು ಬಿಡಿಸಬೇಕು. ಆಟಿ ತಿಂಗಳ ಪತ್ರೊಡೆಗೆ ಅಕ್ಕಿ ಅರೆದು, ಕೆಸುವಿನ ಎಲೆಗೆ ಹಚ್ಚಿ, ಸುರುಳಿ ಸುತ್ತಿ ಹಬೆಯಲ್ಲಿಡಬೇಕು. ಕುಚ್ಚಲಕ್ಕಿ ಬೇಯಲು ಒಂದು ಗಂಟೆ ಬೇಕೇ ಬೇಕು. ಈ ಕೆಲಸವನ್ನೆಲ್ಲ ನಮ್ಮ ತಾಯಂದಿರು, ಹೆಂಡಂದಿರು ಮಾಡಿದರು. ನಾವು ಗಂಡಸರು ಉಂಡು ಎದ್ದೆವು. ಅಡುಗೆಯ ಹಿಂದಿನ ಕೈ ಇಲ್ಲವಾದ ದಿನ ನಮ್ಮ ಆಹಾರವೂ ಇಲ್ಲವಾಯಿತು. ಎಪ್ಪತ್ತರ ಹೆಂಗಸೊಬ್ಬಳು ಮೊಣಕಾಲು ನೋವಿನಲ್ಲೂ ತೆಂಗಿನಕಾಯಿ ತುರಿಯುತ್ತಿದ್ದರೆ, ಎಪ್ಪತ್ತೈದರ ಗಂಡಸು ಜಗಲಿಯಲ್ಲಿ ಪತ್ರಿಕೆ ಓದುತ್ತ "ಹಿಂದಿನ ಊಟವೇ ಊಟ" ಎನ್ನುವುದು ನ್ಯಾಯವಲ್ಲ.

ನಮ್ಮ ಸೀಮೆಯ ಗಂಡಸರಿಗೆ ಕೆಲಸ ಹೊಸದೇನಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಕವಿತೆಯ ಜೊತೆಗೆ ಬೇಸಾಯವನ್ನೂ ನಡೆಸಿ, ನೂರು ತುಂಬಿಸಿ 2015ರಲ್ಲಿ ತೀರಿಕೊಂಡರು. ಅವರ ಆತ್ಮಕಥೆಯ ಹೆಸರೇ 'ದುಡಿತವೇ ನನ್ನ ದೇವರು'. ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿಯವರು ಆರುನೂರೈವತ್ತಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದರು, 2024ರಲ್ಲಿ ಪದ್ಮಶ್ರೀ ಬಂತು. ಎಣ್ಮಕಜೆಯ ಕಡೆಯ ಶ್ರೀಪಡ್ರೆಯವರು ಪುತ್ತೂರಿನ 'ಅಡಿಕೆ ಪತ್ರಿಕೆ'ಯಲ್ಲಿ ಹಲಸಿನ ಬಗ್ಗೆ ಬರೆದು ಬರೆದು, ಅಂಗಳದಲ್ಲಿ ಕೊಳೆತು ಹೋಗುತ್ತಿದ್ದ ಹಣ್ಣಿಗೆ ಮರ್ಯಾದೆ ತಂದರು. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಗದ್ದೆಯಲ್ಲಿ, ತೋಟದಲ್ಲಿ ಇಷ್ಟು ಬೆವರು ಸುರಿಸಬಲ್ಲ ಗಂಡಸರಿಗೆ ಅಡುಗೆಮನೆ ಯಾಕೆ ದೂರವಾಗಬೇಕು? ಗುಜ್ಜೆ (ಎಳೆ ಹಲಸು) ಹೆಚ್ಚುವುದು, ಹಲಸಿನ ಬೀಜದ ಸಿಪ್ಪೆ ಸುಲಿಯುವುದು, ಬಸಳೆ ಕೊಯ್ಯುವುದು ಕೂತು ಮಾಡುವ ಕೆಲಸ. ನಿವೃತ್ತನಿಗೆ ಇರುವಷ್ಟು ಪುರಸೊತ್ತು ಮನೆಯಲ್ಲಿ ಬೇರೆ ಯಾರಿಗೂ ಇಲ್ಲ.

ಪಕ್ಕದ ಮನೆಯ ಹಿರಿಯರಿಗೆ ನಾನು ಗಂಜಿ ಬೇಯಿಸುವುದನ್ನು ತೋರಿಸಿಕೊಟ್ಟೆ. ಒಂದು ಪಾಲು ಅಕ್ಕಿಗೆ ಧಾರಾಳ ನೀರು, ಕುದಿ ಬಂದ ಮೇಲೆ ಸಣ್ಣ ಉರಿ, ಕಾಳನ್ನು ಹಿಸುಕಿದರೆ ನಡುವೆ ಗಟ್ಟಿ ಉಳಿಯಬಾರದು, ತೆಳಿಯನ್ನು ಚೆಲ್ಲಬಾರದು. ಅವರೀಗ ತಾವೇ ಹುರುಳಿ ನೆನೆಹಾಕುತ್ತಾರೆ. ಬೇಕರಿಗೆ ಹೋಗುವುದನ್ನು ಪೂರಾ ಬಿಟ್ಟಿಲ್ಲ. ಬಿಡಬೇಕೆಂದು ನಾನೂ ಹೇಳಿಲ್ಲ. ದಿನದ ಮುಖ್ಯ ಊಟ ಮನೆಯ ಒಲೆಯಿಂದ ಬಂದರೆ ಹಬ್ಬಕ್ಕೊಂದು ಚಿಪ್ಸಿನ ಪ್ಯಾಕೆಟು ಯಾರನ್ನೂ ಕೆಡಿಸುವುದಿಲ್ಲ.

ನನ್ನ ಪ್ರಾಯದ ಗೆಳೆಯರಲ್ಲಿ ಒಂದೇ ಕೋರಿಕೆ. ಗಂಜಿ, ಹುರುಳಿ ಸಾರು, ಒಂದು ಸೊಪ್ಪಿನ ಪಲ್ಯ, ಈ ಮೂರನ್ನಾದರೂ ಮಾಡಲು ಕಲಿಯಿರಿ. ಕಲಿಸುವವರು ಮನೆಯಲ್ಲಿ ಇರುವಾಗಲೇ ಕಲಿಯಿರಿ.