ಕಾಮಾಲೆ ಬಂದಿತ್ತಾ ಎಂಬ ಪ್ರಶ್ನೆ

ಅನಸ್ತೇಷಿಯಾಕ್ಕೆ ಕನ್ನಡದಲ್ಲಿ ‘ಅರಿವಳಿಕೆ’ ಎನ್ನುತ್ತಾರೆ. ಅರಿವು ಅಳಿಯುವುದು. ಒಳ್ಳೆಯ ಪದ, ಆದರೆ ಕೆಲಸದ ಅರ್ಧವನ್ನಷ್ಟೇ ಹೇಳುತ್ತದೆ. ರೋಗಿಯ ಅರಿವು ಅಳಿದಷ್ಟು ಹೊತ್ತೂ ಅವರ ಉಸಿರು, ರಕ್ತದೊತ್ತಡ, ಯಕೃತ್ತು ಎಲ್ಲದರ ಅರಿವನ್ನು ಇನ್ನೊಬ್ಬರು ಹೊತ್ತು ಕೂತಿರಬೇಕು.

ವಡಾಲದ ಕನ್ನಡದ ಗೃಹಿಣಿಯೊಬ್ಬರಿಗೆ ಇದು ಮನವರಿಕೆಯಾದದ್ದು ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಳ್ಳುವಾಗ. ಊರು ಉಡುಪಿ ಕಡೆ. ಓದಿದ್ದು ವಡಾಲದ ಎನ್‌ಕೆಇಎಸ್ ಶಾಲೆಯಲ್ಲಿ, ಸಂಸಾರ ರಾಮ ಮಂದಿರದ ಹತ್ತಿರ. ವಯಸ್ಸು ಐವತ್ತು ದಾಟಿದೆ, ತೂಕ ಎಂಬತ್ತು ಕಿಲೋ ದಾಟಿದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಕಲ್ಲಿನ ಜೊತೆಗೆ ‘ಫ್ಯಾಟಿ ಲಿವರ್’ ಎಂದೂ ಇತ್ತು. ಆ ಹಾಳೆಯನ್ನು ಅವರು ಮಡಿಸಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದರು. ದಪ್ಪಗಾದೆ ಎಂಬ ಮಾತನ್ನು ಮದುವೆ ಮನೆಗಳಲ್ಲಿ, ಚೌತಿಯ ಊಟದ ಪಂಕ್ತಿಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಆಸ್ಪತ್ರೆಯಲ್ಲೂ ಅದೇ ಉಪದೇಶ ಬೇಡವಾಗಿತ್ತು.

ಅರಿವಳಿಕೆ ತಜ್ಞೆ ಕನ್ನಡ ಬಲ್ಲವರು. ಉಪದೇಶ ಮಾಡಲಿಲ್ಲ. “ಅಮ್ಮಾ, ಮೊದಲು ಯಾವತ್ತಾದ್ರೂ ಆಪರೇಷನ್ ಆಗಿದೆಯಾ? ಆದ ಮೇಲೆ ಜ್ವರ, ಕಾಮಾಲೆ ಏನಾದ್ರೂ ಬಂದಿತ್ತಾ?” ಎಂದು ಕೇಳಿದರು.

“ಕಾಮಾಲೆ ಯಾಕೆ ಡಾಕ್ಟ್ರೇ? ನನ್ನದು ಕಲ್ಲು.”

ಆ ಪ್ರಶ್ನೆಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. 1951ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯ ರಸಾಯನವಿಜ್ಞಾನಿ ಚಾರ್ಲ್ಸ್ ಸಕ್ಲಿಂಗ್ ಹ್ಯಾಲೋಥೇನ್ ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನ ಅರಿವಳಿಕೆ ತಜ್ಞ ಮೈಕೆಲ್ ಜಾನ್‌ಸ್ಟೋನ್ ಅದನ್ನು ರೋಗಿಗಳಿಗೆ ಕೊಟ್ಟರು. ಈಥರಿನಂತೆ ಬೆಂಕಿ ಹತ್ತುವ ಭಯವಿಲ್ಲದ್ದರಿಂದ ಬೇಗ ಲೋಕವೆಲ್ಲ ಹರಡಿತು. ಕೆಲವೇ ವರ್ಷಗಳಲ್ಲಿ ದಿಗಿಲು ಹುಟ್ಟಿಸುವ ವರದಿಗಳು ಬಂದವು: ಆಪರೇಷನ್ ಸರಿಯಾಗಿಯೇ ಆಗಿರುತ್ತದೆ, ಕೆಲವು ದಿನಗಳ ಮೇಲೆ ಜ್ವರ, ಕಾಮಾಲೆ, ಯಕೃತ್ತು ಕೈಕೊಟ್ಟು ಸಾವು. ಅಮೆರಿಕದಲ್ಲಿ ಸುಮಾರು 8,50,000 ಅರಿವಳಿಕೆಗಳ ದಾಖಲೆ ಜಾಲಾಡಿದ ‘ನ್ಯಾಷನಲ್ ಹ್ಯಾಲೋಥೇನ್ ಸ್ಟಡಿ’ ಇದು ತೀರಾ ಅಪರೂಪ ಎಂದಿತು. ಅಪರೂಪವೇನೋ ಹೌದು. ಆದರೆ ಅದಕ್ಕೆ ಗುರಿಯಾದವರಲ್ಲಿ ಕೆಲವು ಲಕ್ಷಣಗಳು ಮತ್ತೆ ಮತ್ತೆ ಕಂಡವು: ನಡುವಯಸ್ಸು, ಹೆಣ್ಣು, ಬೊಜ್ಜು, ಕಡಿಮೆ ಅಂತರದಲ್ಲಿ ಎರಡನೆಯ ಸಲ ಅದೇ ಔಷಧ.

ಕಾರಣ ನಿಧಾನವಾಗಿ ತಿಳಿಯಿತು. ಮೈಗೆ ಸೇರಿದ ಹ್ಯಾಲೋಥೇನಿನಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಯಕೃತ್ತು ಒಡೆಯುತ್ತದೆ. ಆ ಚೂರುಗಳು ಯಕೃತ್ತಿನದೇ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಕೆಲವರ ದೇಹ ಅದನ್ನು ಹೊರಗಿನ ಶತ್ರುವೆಂದು ಬಗೆದು ತನ್ನ ಯಕೃತ್ತಿನ ಮೇಲೆಯೇ ದಂಡೆತ್ತಿ ಹೋಗುತ್ತದೆ. ಈ ಔಷಧ ಕೊಬ್ಬಿನಲ್ಲಿ ಕರಗಿ ಕೂತು ತಡವಾಗಿ ಹೊರಬೀಳುವಂಥದ್ದು. ಅದನ್ನು ಒಡೆಯುವ ಕಿಣ್ವವೂ ಬೊಜ್ಜಿದ್ದವರಲ್ಲಿ ಹೆಚ್ಚು ಚುರುಕು. ಈಗ ಹೆಚ್ಚು ಬಳಕೆಯಲ್ಲಿರುವ ಸೆವೋಫ್ಲುರೇನ್ ಅಂಥ ಚೂರುಗಳನ್ನು ಹುಟ್ಟಿಸುವುದಿಲ್ಲ. ಔಷಧ ಬದಲಾಯಿತು, ಪ್ರಶ್ನೆ ಮಾತ್ರ ಉಳಿಯಿತು.

ಉಳಿದದ್ದು ಒಳ್ಳೆಯದೇ. ಕೊಬ್ಬು ತುಂಬಿದ ಯಕೃತ್ತು ರಕ್ತದ ಕೊರತೆಯನ್ನು ಸಹಿಸುವುದು ಕಷ್ಟ. ಯಕೃತ್ತಿನ ಭಾಗವನ್ನೇ ಕತ್ತರಿಸುವ ಆಪರೇಷನ್ನಿನಲ್ಲಿ ರಕ್ತಸ್ರಾವ ತಡೆಯಲು ಅದಕ್ಕೆ ಹೋಗುವ ರಕ್ತವನ್ನು ಕೆಲವು ನಿಮಿಷ ಹಿಡಿದು ನಿಲ್ಲಿಸುತ್ತಾರೆ. 1908ರಲ್ಲಿ ಪ್ರಿಂಗಲ್ ಎಂಬ ಸರ್ಜನ್ ಬರೆದಿಟ್ಟ ಉಪಾಯ ಅದು. ರಕ್ತ ನಿಂತಾಗ ಒಂದು ಪೆಟ್ಟು, ಮತ್ತೆ ಹರಿದಾಗ ಇನ್ನೊಂದು ಪೆಟ್ಟು. ಜ್ಯೂರಿಕ್‌ನ ಅರಿವಳಿಕೆ ತಜ್ಞೆ ಬಿಯಾಟ್ರಿಸ್ ಬೆಕ್-ಶಿಮ್ಮರ್ ಮತ್ತು ಸಂಗಡಿಗರು 64 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು 2008ರಲ್ಲಿ ಪ್ರಕಟಿಸಿದರು. ರಕ್ತ ನಿಲ್ಲಿಸುವ ಮೊದಲ ಅರ್ಧ ಗಂಟೆ, ಒಂದು ಗುಂಪಿನವರಿಗೆ ಪ್ರೊಪೊಫಾಲ್ ಬದಲು ಸೆವೋಫ್ಲುರೇನ್ ಕೊಟ್ಟಿದ್ದರು. ಅವರಲ್ಲಿ ಯಕೃತ್ತಿಗಾದ ಹಾನಿ ಕಡಿಮೆಯಾಗಿತ್ತು. ಯಕೃತ್ತಿನಲ್ಲಿ ಕೊಬ್ಬಿದ್ದವರಿಗೆ ಇನ್ನೂ ಹೆಚ್ಚು ಲಾಭವಾಗಿತ್ತು. ಚಿಕ್ಕ ಅಧ್ಯಯನವೇ. ಆದರೂ ಒಂದು ಕಾಲದಲ್ಲಿ ಯಕೃತ್ತನ್ನು ಕೆಡಿಸಿದ ಆವಿಯ ಸಂಬಂಧಿಕನೇ ಈಗ ಅದನ್ನು ಕಾಯಬಹುದು ಎಂಬುದು ಸಣ್ಣ ಮಾತಲ್ಲ.

ವಡಾಲದ ಆ ಹೆಂಗಸಿನದು ಅಷ್ಟು ದೊಡ್ಡ ಆಪರೇಷನ್ ಅಲ್ಲ. ಆದರೂ ಬ್ಯಾಗಿನಿಂದ ಹಾಳೆ ಹೊರಬಂತು. ತಜ್ಞೆ ಓದಿದರು, ಲಿವರಿನ ರಕ್ತಪರೀಕ್ಷೆಗೆ ಬರೆದರು, ಸರ್ಜನ್ ಜೊತೆ ಮಾತಾಡಿ ದಿನಾಂಕವನ್ನು ಎರಡು ವಾರ ಮುಂದೂಡಿದರು. ಅಷ್ಟು ದಿನ ಅನ್ನ, ಸಿಹಿ, ಕರಿದದ್ದು ಬಿಗಿಹಿಡಿದು ಉಂಡರೆ ಯಕೃತ್ತು ಕುಗ್ಗುತ್ತದೆ, ಸರ್ಜನ್‌ಗೆ ಜಾಗ ಸಿಗುತ್ತದೆ. ಶಿಕ್ಷೆಯಲ್ಲ, ಸಿದ್ಧತೆ.

ತಕ್ಕಡಿ ಹೇಳುವುದು ಪೂರ್ತಿ ಸತ್ಯವೂ ಅಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರ ‘ಲ್ಯಾನ್ಸೆಟ್’ನಲ್ಲಿ ತಮ್ಮದೇ ಲೆಕ್ಕ ಮುಂದಿಟ್ಟರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯರ ಒಳಗೂ ಕೊಬ್ಬು ಅಡಗಿ ಕೂತಿರಬಹುದು.

ದಪ್ಪ, ಡುಮ್ಮಿ, ಸಣಕಲು: ಮಂದಿ ಪರಸ್ಪರರಿಗೆ ಇಡುವ ಈ ಹೆಸರುಗಳೆಲ್ಲ ಹೊರಗಣ್ಣಿಗೆ ಕಂಡದ್ದರವು. ಒಳಗಿನ ಯಕೃತ್ತು ಯಾರ ಕಣ್ಣಿಗೂ ಬೀಳದು, ನೋವೆಂದು ಕೂಗುವುದೂ ಕಡಿಮೆ. ಅದರ ಪರವಾಗಿ ರೋಗಿಯೇ ಬಾಯಿಬಿಡಬೇಕು. ಹಳೆಯ ಆಪರೇಷನ್, ಹಳೆಯ ಕಾಮಾಲೆ, ಮಡಿಸಿಟ್ಟ ಹಾಳೆ, ಇವನ್ನು ಅರಿವು ಇರುವಾಗಲೇ ಹೇಳಿಬಿಡಬೇಕು. ಆಮೇಲೆ ಕಾಯುವವರಿಗೆ ಆಸರೆಯಾಗಿ ಉಳಿಯುವುದು ಆ ಮಾತುಗಳೇ.