ಆದಾನ–ನಿಕ್ಷೇಪ

ಶೇಡಬಾಳದ ನಮ್ಮ ಮನೆಯ ಹಿತ್ತಲಿನಲ್ಲಿ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರು ಎರಡು ವರ್ಷಗಳಿಂದ ನಿಂತಲ್ಲೇ ನಿಂತಿತ್ತು. ಮಹಾವೀರ ನಿರ್ವಾಣೋತ್ಸವದ ದಿನ ಅದರಲ್ಲಿಯೇ ಬಸದಿಗೆ ಹೋಗಬೇಕೆಂಬ ಆಸೆಯನ್ನು ಅವರು ತೋಡಿಕೊಂಡರು. ಹಸ್ತಪ್ರತಿಗಳ ಪಾಠಾಂತರ ನೋಡುವುದರಲ್ಲಿ ಆಯುಷ್ಯ ಕಳೆದ ನಾನು ಕಾರ್ಬ್ಯುರೇಟರ್ ಬಿಚ್ಚಲು ಕುಳಿತೆ.

ಆ ಕಾರಿನ 1089 ಸಿ.ಸಿ. ಇಂಜಿನ್ನಿಗೆ ಗಾಳಿ-ಪೆಟ್ರೋಲನ್ನು ಹದವಾಗಿ ಬೆರೆಸಿ ಕೊಡುವುದು ಸೊಲೆಕ್ಸ್ ಕಾರ್ಬ್ಯುರೇಟರ್. ಅದರ ಕೊರಳು ನಡುವೆ ಕಿರಿದು. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ; ಆಗ ಪಕ್ಕದ ತೊಟ್ಟಿಯ ಪೆಟ್ರೋಲು ಜೆಟ್ಟಿನ ಮೂಲಕ ಮೇಲೇರುತ್ತದೆ. ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವುದು ಹಿತ್ತಾಳೆ ಜೆಟ್ಟಿನ ರಂಧ್ರ. ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ರಂಧ್ರದ ವ್ಯಾಸ 1.20 ಮಿ.ಮೀ. ಎಂದರ್ಥ. ನಿಂತ ಕಾರಿನ ಪೆಟ್ರೋಲು ಆವಿಯಾಗಿ ಉಳಿಯುವ ಅಂಟು ಈ ರಂಧ್ರವನ್ನೇ ಮುಚ್ಚುತ್ತದೆ.

ತಾಳ್ಮೆಗೆಟ್ಟ ನಾನು ಉಕ್ಕಿನ ದಬ್ಬಣದ ಮೊನೆ ತೂರಿಸಿ ಬಲವಾಗಿ ತಿರುವಿದೆ. ಮರಳಿ ಜೋಡಿಸಿದಾಗ ಇಂಜಿನ್ನೇನೋ ಹೊತ್ತಿತು. ಆದರೆ ಕಪ್ಪು ಹೊಗೆ ಉಗುಳಿತು. ಕಟ್ಟೆಯ ಮೇಲೆ ಕುಳಿತಿದ್ದ ತಂದೆಯವರ ಕಣ್ಣು ಈಗ ಮಂದ; ವಾಸನೆಯಿಂದಲೇ ಅವರಿಗೆ ತಿಳಿಯಿತು.

“ತಮ್ಮಾ, ದಬ್ಬಣ ಹಾಕಿದೇನು? ಕಸ ಅಷ್ಟ ತಗೀಬೇಕು. ತೂತ ಕೊರೀಬಾರ್ದು.”

ಆ ಮಾತು ಬೇರೆಲ್ಲೋ ನಾಟಿತು. ಹಿಂದೊಮ್ಮೆ ತಾಳೆಗರಿಯ ಪ್ರತಿಯೊಂದರಲ್ಲಿ ನನಗೆ ಅರ್ಥವಾಗದ ಪದವನ್ನು ಲಿಪಿಕಾರನ ದೋಷವೆಂದು ಬಗೆದು, ತಿದ್ದಿ ಅಚ್ಚಿಗೆ ಕೊಟ್ಟಿದ್ದೆ. ಮುಂದೆ ಮತ್ತೊಂದು ಪ್ರತಿಯಲ್ಲಿಯೂ ಅದೇ ಪದ ದೊರೆಯಿತು. ಅದು ಹಳಗನ್ನಡದ ಶುದ್ಧರೂಪವೇ ಆಗಿತ್ತು. ಕೊರತೆಯಿದ್ದುದು ನನ್ನ ಓದಿನಲ್ಲಿ. ಸಂಕೋಚದಿಂದ ಸುಮ್ಮನಿದ್ದೆ. ಕೆಟ್ಟ ಜೆಟ್ಟಿಗೆ ಬದಲಿ ಸಿಗುತ್ತದೆ. ಅಚ್ಚಾದ ಅಪಪಾಠವನ್ನು ನಂಬಿ ಉದ್ಧರಿಸಿದವರ ಬರೆಹಗಳಿಂದ ಅದನ್ನು ಹೇಗೆ ಹಿಂಪಡೆಯುವುದು?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುವ ಐದು ಸಮಿತಿಗಳಲ್ಲಿ ಆದಾನ–ನಿಕ್ಷೇಪವೂ ಒಂದು: ವಸ್ತುವನ್ನು ಎತ್ತುವಾಗ, ಇಡುವಾಗ ಜೀವಹಿಂಸೆಯಾಗದಂತೆ ಎಚ್ಚರವಹಿಸುವುದು. ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದು ಅದಕ್ಕಾಗಿ. ಇದು ಮುನಿಧರ್ಮ, ಕಾರಿನ ರಿಪೇರಿಗೆ ಅನ್ವಯಿಸಿದರೆ ಅತಿಯಾದೀತು. ಆದರೂ 1925ರಲ್ಲಿ ಆಚಾರ್ಯ ವಿದ್ಯಾನಂದರು ಜನಿಸಿದ ಈ ಊರಿನಲ್ಲಿ, ಬಾಲ್ಯದಿಂದಲೂ ಪಿಂಛಿಯನ್ನು ಕಂಡು ಬೆಳೆದ ನನಗೆ ಆ ಕ್ಷಣ ಅದೇ ನೆನಪಾಯಿತು.

ಮಿರಜದಿಂದ ಹೊಸ ಜೆಟ್ಟು, ಪ್ಯಾಕಿಂಗುಗಳನ್ನು ತಂದೆ. ಈ ಸಲ ಬಿಳಿಯ ಬಟ್ಟೆ ಹಾಸಿ, ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ಇಟ್ಟೆ. ಉಳಿದ ರಂಧ್ರಗಳ ಅಂಟನ್ನು ದ್ರಾವಣದಲ್ಲಿ ನೆನೆಸಿ, ಗಾಳಿ ಊದಿ ಕಳೆದೆ. ಲೋಹದ ಮೊನೆ ಸೋಕಿಸಲಿಲ್ಲ. ಕೊನೆಯ ಸ್ಕ್ರೂವನ್ನು ತಂದೆಯವರೇ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕೂದಲೆಳೆಯಷ್ಟು ತಿರುಗಿಸಿ ಹೊಂದಿಸಿದರು.

ನಿರ್ವಾಣೋತ್ಸವದ ಮುಂಜಾವು ಅವರನ್ನು ಬಸದಿಗೆ ಕರೆದೊಯ್ದೆ. ಮರಳಿ ಬಂದವನು ಮೊದಲು ಮಾಡಿದ ಕೆಲಸವೆಂದರೆ, ಆ ಪದದ ಮೂಲಪಾಠವನ್ನು ಎತ್ತಿಹಿಡಿದು ನನ್ನ ಹೆಸರಿನಲ್ಲಿಯೇ ಒಂದು ತಿದ್ದೋಲೆ ಬರೆದದ್ದು.